ಹಿಮ್ಮಡಿಯ ಒಂದು ಹನಿ

ಬಸುರಿಯರ ರವಿಕೆ ಹೊಲಿಯುವುದನ್ನು ನಾನು ಒಂದು ಕಾಲದಲ್ಲಿ ಬಿಟ್ಟೇಬಿಟ್ಟಿದ್ದೆ.

ತೀರ್ಥಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಒಂದು ಮಧ್ಯಾಹ್ನ ಪಕ್ಕದ ಬೀದಿಯ ಹೆಂಗಸೊಬ್ಬಳು ಸೀಮಂತಕ್ಕೆಂದು ಹಸಿರು ಬಟ್ಟೆ ತಂದಳು. ಅಳತೆ ತೆಗೆಯಲು ಟೇಪನ್ನು ಅವಳ ಎದೆಯ ಕೆಳಗೆ ಸುತ್ತಿ ಬಗ್ಗಿದ್ದೆ. ಒಳಗಿದ್ದ ಮಗು ಒದೆಯಿತು. ಒದ್ದದ್ದು ನನ್ನ ಮಣಿಕಟ್ಟಿಗೇ ತಗುಲಿತು. ಅವಳು ನಕ್ಕು, "ನೋಡಿ ಅಕ್ಕ, ಈಗ್ಲೇ ಗಲಾಟೆ ಶುರು ಮಾಡಿದೆ" ಎಂದಳು. ನಾನು ಟೇಪು ಸುತ್ತಿಟ್ಟು, "ನಂಗೆ ಕೈತುಂಬ ಕೆಲ್ಸ ಇದೆ ಮಾರಾಯ್ತಿ, ಬೇರೆ ಕಡೆ ಕೊಟ್ಬಿಡು" ಎಂದೆ. ಅವಳ ಮುಖ ಸಣ್ಣದಾಯಿತು. ಅವಳು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕಿಕೊಂಡು ಆ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತೆ. ಮಕ್ಕಳಿಲ್ಲದವಳಿಗೆ ಹೊಟ್ಟೆಕಿಚ್ಚು ಎಂದು ಬೀದಿಯಲ್ಲಿ ಮಾತಾಯಿತು. ಮಾತೇನೂ ಸುಳ್ಳಲ್ಲ.

ನನ್ನ ರಕ್ತದಲ್ಲಿ ಎಚ್‌ಐವಿ ಇದೆಯೆಂದು ಗೊತ್ತಾದದ್ದು ಮೊದಲ ಗಂಡ ತೀರಿಕೊಂಡ ಮೇಲೆ. ಅವರು ಲಾರಿ ಓಡಿಸುತ್ತಿದ್ದರು. ಕೊನೆಯವರೆಗೂ ಟಿಬಿ ಎಂದೇ ನಂಬಿಕೊಂಡಿದ್ದೆವು. ತಿಥಿಯ ಊಟ ಮುಗಿದ ಮೇಲೆ ನನ್ನದೂ ರಕ್ತ ಪರೀಕ್ಷೆ ಮಾಡಿಸಿದರು. ಅಲ್ಲಿಂದ ಮುಂದೆ ಅತ್ತೆ ನನ್ನ ತಟ್ಟೆ ಲೋಟಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇಡತೊಡಗಿದರು. ಹುಲಿಕಲ್ ಹತ್ತಿರದ ತವರಿಗೆ ಬಂದೆ. ಅವ್ವ ತನ್ನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿಸಿಕೊಂಡಳು. ಹೊಲಿಗೆ ಕಲಿತೆ. ಮಾತ್ರೆಗೆ ಸಾಗರದ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ.

ನಮ್ಮನೆಯವರು ಸಿಕ್ಕಿದ್ದು ಅಲ್ಲೇ. ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದರು. ಅಲ್ಲಿಂದ ಶಿವಮೊಗ್ಗವೇ ಹತ್ತಿರ. ಆದರೆ ಅಲ್ಲಿ ಗುರುತಿನವರು ಎದುರಾಗುತ್ತಾರೆಂದು ಅವರೂ ಅದೇ ಮಾತ್ರೆಗೆ ಅಷ್ಟು ದೂರದ ಸಾಗರಕ್ಕೆ ಬರುತ್ತಿದ್ದರು. ಹೆಂಡತಿ ತೀರಿಹೋಗಿದ್ದಳು. ಬೆಂಚಿನ ಮೇಲೆ ಕೂತು ಪೊಟ್ಟಣದ ಮಂಡಕ್ಕಿಯನ್ನು ಒಂದೊಂದೇ ಕಾಳು ತಿನ್ನುವ ಅವರನ್ನು ಕಂಡು ನನಗೆ ನಗು ಬರುತ್ತಿತ್ತು. ಅಲ್ಲಿನ ಕೌನ್ಸೆಲರ್ ಮೇಡಂ ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡಿ ಒಂದು ದಿನ ಎದುರುಬದುರು ಕೂರಿಸಿದರು. ನಮ್ಮನೆಯವರು ಆಡಿದ್ದು ಒಂದೇ ಮಾತು.

"ನಿಮ್ಗೆ ಎಂತದಕ್ಕೂ ಕಡಿಮೆ ಮಾಡಲ್ಲ. ಮಕ್ಕಳು ಮಾತ್ರ ಬೇಡ."

ನಾನು ಹೂಂ ಎಂದು ತಲೆ ಅಲ್ಲಾಡಿಸಿದೆ. ಆಗ ಬದುಕಿ ಉಳಿಯುವುದೇ ದೊಡ್ಡದಾಗಿತ್ತು. ಜೊತೆಗೆ ಒಬ್ಬರು ಇರುತ್ತಾರೆ, ಒಂದೇ ತಟ್ಟೆಯಲ್ಲಿ ಬೇಕಾದರೂ ಉಣ್ಣಬಹುದು ಎನ್ನುವುದೇ ನನಗೆ ಹಬ್ಬದಂತಿತ್ತು.

ಹಾಗೆ ಮದುವೆಯಾಗಿ ಕೆಲವು ವರ್ಷ ನಿಜಕ್ಕೂ ಚೆನ್ನಾಗಿಯೇ ಇದ್ದೆವು. ಮೈ ತುಂಬಿಕೊಂಡಿತು, ಕೂದಲು ಉದುರುವುದು ನಿಂತಿತು. ಅದೇ ತಪ್ಪಾಯಿತೇನೋ. ಮೈ ಹುಷಾರಾದಂತೆ ಅದಕ್ಕೆ ತನ್ನ ಕೆಲಸವೂ ನೆನಪಾಯಿತು. ಯಾರ ಮನೆಯ ಕೂಸು ಅತ್ತರೂ ನನ್ನ ಎದೆ ಬಿಗಿಯುತ್ತಿತ್ತು. ಬಸ್ಸಿನಲ್ಲಿ ಯಾರದೋ ಹೆಗಲ ಮೇಲೆ ಮಲಗಿದ ಮಗುವಿನ ಬಾಯಿಂದ ಜೊಲ್ಲು ಇಳಿಯುತ್ತಿದ್ದರೆ ನನ್ನ ಸೆರಗಿನಿಂದ ಒರೆಸಲು ಕೈ ಹೋಗುತ್ತಿತ್ತು. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹೊಲಿದು ಉಳಿದ ತುಂಡು ಬಟ್ಟೆಗಳಲ್ಲಿ ಚಿಕ್ಕಚಿಕ್ಕ ಕುಲಾವಿ ಹೊಲಿದು, ಮತ್ತೆ ಹೊಲಿಗೆ ಬಿಚ್ಚಿ ಎಸೆಯುತ್ತಿದ್ದೆ.

ಒಮ್ಮೆ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ. "ಒಂದು ಮಗು ಆದ್ರೆ ಆಗದಾ?"

ಅವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದರು. "ಮೊದ್ಲೇ ಹೇಳಿದ್ನಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದರು.

ಊರಿಗೆ ಹೋಗಿ ಅವ್ವನ ಹತ್ತಿರ ಹೇಳಿಕೊಂಡೆ. ಅವಳಾದರೂ ನನ್ನ ಕಡೆ ಇರುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆಯ ಮುಂದೆ ಕೂತವಳು ಬೆಂಕಿಯನ್ನೇ ನೋಡುತ್ತ, "ನೀನು ಉಳಿದದ್ದೇ ನಂಗೆ ಹೆಚ್ಚು. ಆ ಆಸೆ ಬಿಡು. ನೀವಿಬ್ರೂ ಹೋದ್ರೆ ಅದ್ನ ಯಾರು ಸಾಕದು? ಇಷ್ಟು ವಯಸ್ಸಾದ ನಾನಾ?" ಎಂದಳು. ನಾನು ಅಳತೊಡಗಿದೆ. ಅವಳೂ ಅತ್ತಳು. ಆದರೆ ಮಾತು ಮಾತ್ರ ಹಿಂದಕ್ಕೆ ತಗೊಳ್ಳಲಿಲ್ಲ.

ಯಾರಿಗೂ ಹೇಳದೆ ಒಂದು ಖಾಸಗಿ ನರ್ಸಿಂಗ್ ಹೋಮಿಗೂ ಹೋದೆ. ಒಳಗೆ ಲೇಡಿ ಡಾಕ್ಟರು ಮೊದಲು ನಗುನಗುತ್ತ ಮಾತಾಡಿಸಿದರು. ನನಗಿರುವುದು ಏನೆಂದು ಹೇಳಿದ ಕೂಡಲೇ ಪೆನ್ನು ಕೆಳಗಿಟ್ಟರು.

"ನಿಮ್ಗೆಲ್ಲ ಯಾಕ್ರಿ ಮಕ್ಕಳು? ನಿಮ್ದಂತೂ ಆಗಿದ್ದು ಆಗಿ ಹೋಯ್ತು. ಹುಟ್ಟೋ ಮಗು ಎಂತ ಪಾಪ ಮಾಡಿದೆ?"

ನಾನು ಎದ್ದೆ. ಬಾಗಿಲು ದಾಟುವಷ್ಟರಲ್ಲಿ ಆಯಾಳನ್ನು ಕರೆದು ಸ್ಟೂಲು ಒರೆಸಲು ಹೇಳಿದ್ದು ಕೇಳಿಸಿತು. ಹೊರಗೆ ಸಾಲಾಗಿ ಕೂತಿದ್ದ ಬಸುರಿಯರ ಕಾಲುಗಳನ್ನು ಮಾತ್ರ ನೋಡುತ್ತ ಅವರ ಮುಂದೆಯೇ ಹಾದುಬಂದೆ. ಊದಿದ ಕಾಲುಗಳು, ಬೆಳ್ಳಿಯ ಕಾಲುಂಗುರಗಳು. ಅವತ್ತು ಸೇತುವೆಯ ಮೇಲೆ ನಿಂತು ತುಂಗೆಯನ್ನು ಬಹಳ ಹೊತ್ತು ನೋಡಿದೆ. ಹಾರಬೇಕೆಂದೇ ನಿಂತಿದ್ದೆನೋ ಏನೋ, ಈಗಲೂ ಗೊತ್ತಿಲ್ಲ. ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆದ. ಪಕ್ಕಕ್ಕೆ ಸರಿದೆ, ಮನೆಗೆ ನಡೆದೆ.

ಮುಂದಿನ ಸಲ ಸಾಗರಕ್ಕೆ ಹೋದಾಗ ಮಾತ್ರೆ ಕೊಡುವ ಡಾಕ್ಟರನ್ನು ಕೇಳಿದೆ. ಅವರು ಬೈಯಲಿಲ್ಲ. ಗಂಡನನ್ನೂ ಒಳಗೆ ಕರೆ ಎಂದರು.

"ಆಗಬಾರದು ಅಂತೇನಿಲ್ಲಮ್ಮ. ಇಬ್ಬರೂ ಮಾತ್ರೆ ತಪ್ಪಿಸಬಾರದು. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದಿರಬೇಕು. ಹುಟ್ಟಿದ ಮೇಲೆ ಮಗುವಿಗೂ ಔಷಧಿ ಕೊಡ್ತೀವಿ. ಅಪಾಯ ಪೂರ್ತಿ ಇಲ್ಲ ಅನ್ನೋದಿಲ್ಲ. ಆದ್ರೆ ಬಹಳ ಕಡಿಮೆ."

ನನಗೆ ಕೇಳಿಸಿದ್ದು "ಬಹಳ ಕಡಿಮೆ" ಎಂಬುದು. ಗಂಡನಿಗೆ ಕೇಳಿಸಿದ್ದು "ಪೂರ್ತಿ ಇಲ್ಲ ಅನ್ನೋದಿಲ್ಲ" ಎಂಬುದು. ನಾನು ಡಾಕ್ಟರಿಗೆ ಕೈಮುಗಿದು ತಿರುಗುವಷ್ಟರಲ್ಲಿ ನಮ್ಮನೆಯವರು ಕುರ್ಚಿಯಲ್ಲಿ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೂ ಇರಲಿಲ್ಲ. ಫೋನ್ ಆಫ್ ಆಗಿತ್ತು. ತೀರ್ಥಹಳ್ಳಿಗೆ ಒಬ್ಬಳೇ ಬಂದೆ. ಅವರು ಆ ದಿನ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಅವರ ಅಕ್ಕನ ಮನೆ. ಅಲ್ಲಿಗೆ ಫೋನ್ ಮಾಡಿದೆ. "ಇಲ್ಲೇ ಇದ್ದಾನೆ ಮಾರಾಯ್ತಿ. ಉಣ್ಣದೂ ಇಲ್ಲ, ಮಾತೂ ಇಲ್ಲ. ನೀನು ಹೊಳೆಬಾಗಿಲಿಗೆ ಬಾ, ನಾನು ಅವನ್ನ ಲಾಂಚ್ ಹತ್ತಿಸಿ ಕಳಿಸ್ತೀನಿ" ಎಂದರು ಅತ್ತಿಗೆ.

ಹಿನ್ನೀರಿಗೆ ಆಗಿನ್ನೂ ಸೇತುವೆ ಆಗಿರಲಿಲ್ಲ. ಲಾಂಚೇ ಗತಿ. ಈಚೆ ದಡದ ಹೊಳೆಬಾಗಿಲಿನಲ್ಲಿ ಸಿಗಂದೂರು ದೇವಿಯ ಗುಡಿಗೆ ಹೋಗಿಬರುವವರ ಕಾರುಗಳು ಸಾಲು ನಿಂತಿದ್ದವು. ಒಂದು ಕಾರಿನ ತುಂಬ ಮಕ್ಕಳು, ಬೋಳಿಸಿದ ತಲೆಗೆ ಗಂಧ ಹಚ್ಚಿಕೊಂಡವರು. ನಾನು ಬಿಸಿಲಲ್ಲೇ ನಿಂತೆ. ಲಾಂಚ್ ದಡಕ್ಕೆ ತಾಗಿ ಬೈಕು ಕಾರುಗಳೆಲ್ಲ ಇಳಿದ ಮೇಲೆ ಕೊನೆಗೆ ಅವರು ಇಳಿದರು. ಗಡ್ಡ ಬಂದಿತ್ತು. ನನ್ನನ್ನು ಕಂಡು ಹತ್ತಿರ ಬರಲಿಲ್ಲ, ನೀರಿನಂಚಿನ ಕಲ್ಲಿನ ಮೇಲೆ ಹೋಗಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ನಂಗೊಂದು ಮಗಳಿದ್ಲು" ಎಂದರು.

ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಅವತ್ತಿನವರೆಗೆ ಅವರು ಈ ಮಾತು ಹೇಳಿರಲಿಲ್ಲ.

"ಅವಳು ಹುಟ್ಟುವಾಗ ನಮ್ಗೆ ಇದೇನೂ ಗೊತ್ತಿರ್ಲಿಲ್ಲ. ನಂಗೂ ಗೊತ್ತಿಲ್ಲ, ಅವಳ ಅವ್ವಂಗೂ ಗೊತ್ತಿಲ್ಲ. ಹುಟ್ಟಿದಾಗ ಚೆಂದ ಇದ್ಲು. ಆಮೇಲೆ ಜ್ವರ, ಭೇದಿ, ಮತ್ತೆ ಜ್ವರ. ಬಾಯಿ ತುಂಬ ಹುಣ್ಣು. ಅನ್ನದ ಅಗುಳು ತಾಗಿದ್ರೂ ಕಿರುಚ್ತಿದ್ಲು. 'ಅಪ್ಪ, ಉರಿ, ಊದು' ಅಂತ ಬಾಯಿ ತೆಗೀತಿದ್ಲು. ನಾನು ಊದ್ತಿದ್ದೆ. ನನ್ನಿಂದ ಬಂದ ಕಾಯಿಲೆ, ನಾನೇ ಊದ್ತಿದ್ದೆ. ಮೂರು ತುಂಬಿರ್ಲಿಲ್ಲ. ಈ ಕೈಯಲ್ಲೇ ಮಣ್ಣು ಹಾಕಿದೀನಿ."

ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಮಾಡಬೇಕಿತ್ತು. ಆಗ ನನ್ನ ಬಾಯಿಂದ ಬಂದದ್ದು ಬೇರೆಯೇ.

"ನಿಮ್ಗೆ ಊದಕ್ಕಾದ್ರೂ ಒಂದು ಮಗು ಇತ್ತು. ನಂಗೆ ಅದೂ ಇಲ್ಲ."

ಅವರು ನನ್ನ ಮುಖ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. ಎದ್ದು ಹೋಗಿ ಹೊರಡುತ್ತಿದ್ದ ಲಾಂಚನ್ನೇ ಮತ್ತೆ ಹತ್ತಿದರು. ನಾನು ಕೂಗಲಿಲ್ಲ. ಲಾಂಚ್ ಚಿಕ್ಕದಾಗುತ್ತ ಹೋಗಿ ಆಚೆ ದಡದಲ್ಲಿ ಒಂದು ಚುಕ್ಕೆಯಾಯಿತು. ಇನ್ನು ಈ ಮನುಷ್ಯ ಬರುವುದಿಲ್ಲ, ಮಗುವಿನ ಆಸೆಗೆ ಇದ್ದೊಬ್ಬ ಗಂಡನನ್ನೂ ಕಳೆದುಕೊಂಡೆ ಎಂದು ತಲೆ ಹಿಡಿದುಕೊಂಡು ಕೂತೆ. ಮಜ್ಜಿಗೆ ಮಾರುವ ಹೆಂಗಸು ಬಂದು ಎರಡು ಸಲ ಕೇಳಿದಳು, ನನಗೆ ತಲೆ ಎತ್ತಲೂ ಆಗಲಿಲ್ಲ. ಅದೇ ಲಾಂಚ್ ವಾಪಸು ಬಂದಾಗ ಅವರು ಅದರಲ್ಲಿದ್ದರು. ಇಳಿಯಲೇ ಇಲ್ಲವಂತೆ, ಆಚೆ ದಡ ಮುಟ್ಟಿ ಹಾಗೇ ನಿಂತಿದ್ದರಂತೆ.

"ನಡಿ" ಎಂದರು. ಸಾಗರದ ಬಸ್ಸಿನಲ್ಲಿ ಕೂತ ಮೇಲೆ ಕಿಟಕಿ ಕಡೆ ಮುಖ ಮಾಡಿ ಹೇಳಿದರು. "ಆಗ್ಲಿ. ಆದ್ರೆ ಒಂದು ಮಾತು. ಹುಟ್ಟಿದ ಮೇಲೆ ಪರೀಕ್ಷೆ ಎಲ್ಲಾ ಮುಗಿಯೋವರೆಗೆ ನಾನು ಕೂಸನ್ನ ಮುಟ್ಟಲ್ಲ. ಮುಟ್ಟಿದ್ರೆ ಮತ್ತೆ ಬಿಡಕ್ಕಾಗಲ್ಲ ನಂಗೆ."

ಇಬ್ಬರ ರಕ್ತದಲ್ಲೂ ವೈರಸ್ ಇಳಿದಿದೆ ಎಂದು ಡಾಕ್ಟರು ಹೇಳಿದ ಮೇಲೆ ಬಹಳ ತಿಂಗಳು ಏನೂ ಆಗಲಿಲ್ಲ. ಪ್ರತಿ ತಿಂಗಳೂ ಬಟ್ಟೆಯಲ್ಲಿ ಕಲೆ ಕಂಡಾಗ ಬಚ್ಚಲಮನೆಯ ಹಂಡೆಗೆ ಒರಗಿ ಕೂರುತ್ತಿದ್ದೆ. ಆಮೇಲೆ ಒಂದು ಸಲ ನಿಂತಿತು. ಯಾರಿಗೂ ಹೇಳಲಿಲ್ಲ, ಅವ್ವನಿಗೂ. ವಾಂತಿಯಾದರೆ ಅದೇ ಸಂತೋಷ. ಮೂರು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಮಿಷನ್ ತುಳಿಯುತ್ತಿದ್ದಾಗ ಕಿಬ್ಬೊಟ್ಟೆ ಹಿಂಡಿದಂತಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಹರಿದುಹೋಗಿತ್ತು. ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಯಾರಿಗಾದರೂ ಆಗುವಂಥದೇ ಎಂದರು. ಯಾರಿಗಾದರೂ ಆಗುವಂಥದು ನನಗೂ ಆಗಬೇಕಿತ್ತೆ?

ಮನೆಗೆ ಬಂದ ಮೇಲೆ ನಮ್ಮನೆಯವರು ಗಂಜಿ ಮಾಡಿ ತಂದರು. ಬಟ್ಟಲು ಕೊಡುವಾಗ ಅವರ ಮುಖ ಕಂಡೆ. ಬಹಳ ದಿನದಿಂದ ಹೊತ್ತ ಭಾರ ಇಳಿಸಿದವರ ಮುಖ ಅದು. ನನಗೆ ತಡೆಯಲಾಗಲಿಲ್ಲ. ಬಟ್ಟಲು ಎಸೆದೆ. ಎದ್ದು ಅವರ ಎದೆಗೆ ಎರಡೂ ಕೈಯಲ್ಲಿ ಗುದ್ದಿದೆ.

"ಖುಷಿ ಆಯ್ತಲ್ಲ ನಿಮ್ಗೆ? ಹೇಳಿ, ಖುಷಿ ಆಯ್ತಲ್ಲ?"

ಅವರು ಕೈ ಹಿಡಿಯಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. "ಖುಷಿ ಅಲ್ಲ. ಉಸಿರು ಬಂತು" ಎಂದರು. ಆಮೇಲೆ ನೆಲದ ಗಂಜಿಯನ್ನು ಬಟ್ಟೆಯಿಂದ ಒರೆಸುತ್ತ ತಾವೂ ಅತ್ತರು. ಆ ಮನೆಯಲ್ಲಿ ಎರಡು ದುಃಖ ಇದ್ದವು. ಒಂದಕ್ಕೊಂದು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಮತ್ತೆ ಬಸುರಿಯಾದದ್ದು ನಾನು ಆಸೆಯನ್ನೇ ಬಿಟ್ಟ ಮೇಲೆ. ಈ ಸಲ ಸಂತೋಷಪಡಲೂ ಹೆದರಿಕೆ. ಮೆಟ್ಟಿಲಿಗೆ ಹೆದರಿಕೆ, ಬಸ್ಸಿಗೆ ಹೆದರಿಕೆ. ಹೊಟ್ಟೆ ಮುಂದೆ ಬಂದ ಮೇಲೆ ಅದು ಒದ್ದಾಗಲೆಲ್ಲ, ಈ ಮಗುವಿನ ಬಾಯಲ್ಲೂ ಹುಣ್ಣಾದರೆ ಎಂಬ ಯೋಚನೆ. ಅದುವರೆಗೆ ಅವರೊಬ್ಬರದೇ ಆಗಿದ್ದ ಭಯ ಈಗ ನನ್ನದೂ ಆಯಿತು. ಅವ್ವ ಸುದ್ದಿ ಕೇಳಿ ಬೈಯುತ್ತಲೇ ಬಂದಳು. ಕೈಯಲ್ಲಿ ಬಾಣಂತಿ ಲೇಹ್ಯದ ಸಾಮಾನಿತ್ತು.

ಸಾಗರದಲ್ಲೇ ಹೆರಿಗೆಯಾಯಿತು. ಹೆಣ್ಣು. ಸಿಸ್ಟರು ತೊಳೆದು ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕ ಮಲಗಿಸಿದರು. ಮಗುವಿಗೆ ಮೊದಲು ಕುಡಿಸಿದ್ದು ಔಷಧಿಯ ಹನಿ. ಮುಖ ಕಿವುಚಿಕೊಂಡು ನುಂಗಿತು. ಮೊಲೆಹಾಲು ಕೊಡಬಹುದು, ನೀನು ಮಾತ್ರೆ ಬಿಡಬಾರದು, ಮಗುವಿಗೆ ಔಷಧಿ ತಪ್ಪಿಸಬಾರದು, ಆರು ತಿಂಗಳು ಬೇರೆ ಏನನ್ನೂ ಬಾಯಿಗೆ ಇಡಬಾರದು ಎಂದು ಕೌನ್ಸೆಲರ್ ಮೇಡಂ ಬಿಡಿಸಿ ಹೇಳಿದರು. ನಾನು ಬಯಸಿದ್ದು ಇದನ್ನೇ. ಆದರೆ ಮಗು ಬಾಯಿ ಹಾಕಿದಾಗ ನನ್ನ ಮೈ ಕಲ್ಲಾಯಿತು. ಪ್ರತಿ ಗುಟುಕಿನ ಸದ್ದು ಕೇಳಿದಾಗಲೂ, ಈ ಗುಟುಕಿನಲ್ಲಿ ಹೋಯಿತೇನೋ, ಈ ಗುಟುಕಿನಲ್ಲಿ ಹೋಯಿತೇನೋ ಎಂದು. ಹಾಲು ಉಣಿಸುವುದೋ ವಿಷ ಉಣಿಸುವುದೋ ಗೊತ್ತಾಗದೆ ಉಣಿಸುವುದು ಯಾವ ತಾಯಿಗೂ ಬೇಡ. ನಮ್ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಡಿದ ಮಾತಿನಂತೆ ಮುಟ್ಟಲಿಲ್ಲ. ತೊಟ್ಟಿಲು ತಂದರು, ಸೊಳ್ಳೆಪರದೆ ತಂದರು. ಮಗು ಅತ್ತರೆ ಅವ್ವನನ್ನು ಕರೆದರು.

ಪರೀಕ್ಷೆಗೆ ಮಗುವಿನ ಹಿಮ್ಮಡಿ ಚುಚ್ಚಿ ರಕ್ತದ ಹನಿಯನ್ನು ಒಂದು ಕಾರ್ಡಿಗೆ ತಾಗಿಸುತ್ತಿದ್ದರು. ಅಷ್ಟು ಸಣ್ಣ ಹಿಮ್ಮಡಿ. ಆ ಕಾರ್ಡು ಒಣಗಿ ಎಲ್ಲಿಗೋ ಹೋಗಿ ಉತ್ತರ ಬರಬೇಕು. ಕಾಯುವಾಗ ನಾನು ಹೊಲಿದ ರವಿಕೆಗಳೆಲ್ಲ ಹಾಳಾದವು, ತೋಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೊದಲನೆಯ ಸಲ "ನೆಗೆಟಿವ್" ಎಂದರು. ಕುಣಿಯಬೇಕು ಅನ್ನಿಸಿತು. "ಇಷ್ಟಕ್ಕೇ ಮುಗಿಯಲ್ಲಮ್ಮ. ಹಾಲು ಕುಡಿಯೋವರೆಗೂ ನೋಡ್ತಾ ಇರಬೇಕು. ಕೊನೆಯದು ಒಂದೂವರೆ ವರ್ಷಕ್ಕೆ" ಎಂದರು ಮೇಡಂ.

ಮಗು ಕೂರಲು ಕಲಿತ ಮೇಲೆ ಒಂದು ಬೆಳಿಗ್ಗೆ ಹಾಲು ಕುಡಿಯಲಿಲ್ಲ. ಬಾಯಿ ಹಾಕುವುದು, ಚೀರಿ ಮುಖ ತಿರುಗಿಸುವುದು. ಬೆಳಕಿಗೆ ಹಿಡಿದು ನೋಡಿದೆ. ನಾಲಿಗೆಯ ಮೇಲೂ ಕೆನ್ನೆಯ ಒಳಗೂ ಮೊಸರಿನ ಗಸಿಯಂತೆ ಬಿಳಿ ಬಿಳಿ. ನನ್ನ ಕೂಗು ಕೇಳಿ ನಮ್ಮನೆಯವರು ರಿಪೇರಿ ಅಂಗಡಿಗೆ ಹೊರಟವರು ಓಡಿಬಂದರು. ಬಾಯಿ ನೋಡಿದರು. ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು, ಚಪ್ಪಲಿಯೂ ಇಲ್ಲದೆ ಬಸ್ ಸ್ಟ್ಯಾಂಡಿನ ಕಡೆ ಓಡಿದರು. ನಾನು ಹಿಂದೆ ಓಡಿದೆ. ಹೊಸನಗರದ ಮೇಲೆ ಹೋಗುವ ಸಾಗರದ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಮಗುವನ್ನು ಎದೆಗೆ ಅವಚಿಕೊಂಡು ಕೂತರು. ನಾನು ಕೊಡಿ ಎಂದರೆ ಕೊಡಲಿಲ್ಲ. ಅದು ಅತ್ತಾಗಲೆಲ್ಲ ಬಾಯಿಗೆ ಮೆಲ್ಲಗೆ ಊದುತ್ತಿದ್ದರು. ಕಂಡಕ್ಟರು ಟಿಕೆಟ್ ಕೇಳಲು ಬಂದವನು ಅವರ ಮುಖ ನೋಡಿ ಮುಂದೆ ಹೋದ. "ನಾನು ಹೇಳಿದ್ದೆ, ನಾನು ಹೇಳಿದ್ದೆ" ಎಂದು ಅವರು ಗೊಣಗುತ್ತಲೇ ಇದ್ದರು. ನನಗೆ ಹೇಳುತ್ತಿದ್ದರೋ ದೇವರಿಗೋ ತಿಳಿಯದು. ಅದಕ್ಕೆ ಏನಾದರೂ ಆದರೆ ಇವರೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ ಎಂದು ಅವತ್ತು ನನಗೆ ಸ್ಪಷ್ಟವಾಗಿತ್ತು. ಯಾಕಾದರೂ ಬಯಸಿದೆ ಎಂದು ಮೊದಲ ಸಲ ಅನ್ನಿಸಿದ್ದೂ ಅವತ್ತೇ.

ಡಾಕ್ಟರು ಟಾರ್ಚು ಹಾಕಿ ನೋಡಿದರು. "ಬಾಯಿ ಅಗ್ರ, ಬೂಸ್ಟು ಕಟ್ಟೋದು. ಎಷ್ಟೋ ಕೂಸುಗಳಿಗೆ ಬರುತ್ತೆ. ಡ್ರಾಪ್ಸ್ ಹಾಕಿ, ಹೋಗುತ್ತೆ. ಇದೊಂದನ್ನೇ ನೋಡಿ ಅದೇ ಕಾಯಿಲೆ ಅನ್ನೋಕಾಗಲ್ಲ. ಆದ್ರೂ ಮತ್ತೊಮ್ಮೆ ರಕ್ತ ಕಳಿಸೋಣ" ಎಂದರು. ಅಗ್ರ ನಾಲ್ಕಾರು ದಿನದಲ್ಲಿ ಹೋಯಿತು. ರಕ್ತದ ಉತ್ತರ ಬರಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ನಮ್ಮನೆಯವರು ಅಂಗಡಿ ತೆಗೆಯಲಿಲ್ಲ. ಮಗುವನ್ನು ನೆಲಕ್ಕೆ ಬಿಡಲೂ ಇಲ್ಲ. ಉತ್ತರ ನೆಗೆಟಿವ್ ಎಂದೇ ಬಂತು. ಆಮೇಲಿನದೂ ಹಾಗೇ ಬಂತು.

ಹಾಲು ಬಿಡಿಸಿ, ಒಂದೂವರೆ ವರ್ಷ ತುಂಬಿದ ಮೇಲೆ ಕೊನೆಯ ಪರೀಕ್ಷೆ. ಆ ಹೊತ್ತಿಗೆ ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಡವರ ಸೀರೆ ಎಳೆಯುತ್ತ ಓಡಾಡುತ್ತಿದ್ದಳು. ಮೇಡಂ ಹೊರಗೆ ಬಂದು, "ಇಲ್ಲ ಕಣಮ್ಮ, ಮಗುವಿಗೆ ಏನೂ ಇಲ್ಲ. ಇನ್ನು ಇದಕ್ಕೆ ಅಂತ ಅವಳನ್ನ ಕರ್ಕೊಂಡು ಬರೋದು ಬೇಡ" ಎಂದರು. ನಮ್ಮನೆಯವರು ಗೋಡೆಗೆ ಒರಗಿದರು, ಒರಗಿದವರು ಹಾಗೇ ಕುಸಿದು ಕೂತರು. ನನಗೆ ಅಳು ಬರಲಿಲ್ಲ. ಬಹಳ ಹಸಿವಾಯಿತು. ಹೋಟೆಲಿಗೆ ಹೋಗಿ ಮೂವರೂ ಬನ್ಸು ತಿಂದೆವು.

ಈಗ ಅವಳು ಅಂಗನವಾಡಿಗೆ ಹೋಗುತ್ತಾಳೆ. ಹೆದರಿಕೆ ಪೂರ್ತಿ ಹೋಯಿತು ಎಂದರೆ ಸುಳ್ಳು. ನಮಗೇನಾದರೂ ಆದರೆ ಎಂಬ ಅವ್ವನ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನಾವು ನುಂಗುವ ಮಾತ್ರೆ ಎಂಥದೆಂದು ಅವಳು ಒಂದು ದಿನ ಕೇಳುತ್ತಾಳೆ, ಆಗ ಏನು ಹೇಳುವುದೋ ಅದೂ ಗೊತ್ತಿಲ್ಲ.

ಮೊನ್ನೆ ಅಂಗನವಾಡಿಗೆ ರಜ, ಅವಳನ್ನೂ ಸಾಗರಕ್ಕೆ ಕರೆದುಕೊಂಡು ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವಳು ಹೊಸಬಳು, ವಯಸ್ಸು ಚಿಕ್ಕದು. ಕಾರ್ಗಲ್ಲಿನಿಂದ ಬಂದವಳಂತೆ. ಮದುವೆಯಾಗಿ ಎರಡು ವರ್ಷವಾಗಿದೆ. ಗಂಡ ಮಾತ್ರೆ ತಗೊಳ್ಳಲು ಒಪ್ಪುತ್ತಿಲ್ಲ, ನನಗೇನೂ ಆಗಿಲ್ಲ ಅನ್ನುತ್ತಾನೆ. ನನ್ನ ಮಗಳನ್ನೇ ನೋಡುತ್ತಿದ್ದವಳು ದನಿ ತಗ್ಗಿಸಿ, "ಇವಳು ನಿಮ್ಮ ಹೊಟ್ಟೇಲೇ ಹುಟ್ಟಿದ್ದಾ ಅಕ್ಕ?" ಎಂದು ಕೇಳಿದಳು.

"ಹೌದು."

"ಇವಳಿಗೆ?"

"ಇಲ್ಲ."

ಅವಳು ಮಗುವಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ, "ಒಂದು ಸಲ ಎತ್ಕೊಳ್ಲಾ?" ಎಂದಳು. ಮಗಳು ಹೊಸಬರ ಹತ್ತಿರ ಹೋಗುವವಳಲ್ಲ. ಆದರೂ ಹೋದಳು. ಅವಳು ಮಗುವಿನ ನೆತ್ತಿಗೆ ಮೂಗು ಒತ್ತಿ ಕಣ್ಣು ಮುಚ್ಚಿಕೊಂಡಳು.

"ನಂಗೂ ಆಗುತ್ತಾ ಅಕ್ಕ?"

ಗಂಡ ಮಾತ್ರೆ ತಗೊಳ್ಳದಿದ್ದರೆ ಕಷ್ಟ ಎಂದು ನನಗೆ ಗೊತ್ತು. "ಒಳಗೆ ಡಾಕ್ಟ್ರನ್ನ ಕೇಳು. ಹೆದ್ರಬೇಡ, ಬೈಯಲ್ಲ. ನಿನ್ನ ಗಂಡನ್ನ ಹೇಗಾದ್ರೂ ಮಾಡಿ ಒಂದ್ಸಲ ಕರ್ಕೊಂಡು ಬಾ" ಎಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನನ್ನನ್ನು ಕರೆದರು. ಎದ್ದು ನಿಂತೆ. ಅವಳು ಕಣ್ಣು ತೆರೆದಿರಲಿಲ್ಲ, ಮಗಳೂ ಸುಮ್ಮನೆ ಅವಳ ಬಳೆ ತಿರುಗಿಸುತ್ತ ಕೂತಿದ್ದಳು. ಮಗುವನ್ನು ಅವಳ ಮಡಿಲಲ್ಲೇ ಬಿಟ್ಟು ನಾನು ಒಳಗೆ ಹೋದೆ.